ಹದಿನೇಳು ಮೈಲಿ ದೂರದಲ್ಲಿ ನಸ್ರೀನ್

ಅಮೆರಿಕದಿಂದ ಬಂದ ಮೇಲೆ ನಮ್ಮ ಮಹಿಳಾ ಸಮಾಜದವರು ಕೇಳಿದ ಮೊದಲ ಪ್ರಶ್ನೆ, ನಯಾಗರ ನೋಡಿದಿರಾ ಎಂದು. ಇಲ್ಲ ಎಂದೆ. ಲಿಬರ್ಟಿ ಪ್ರತಿಮೆ? ಅದೂ ಇಲ್ಲ. ‘ಹಾಗಾದರೆ ಎಂಟು ದಿನ ಏನು ಮಾಡಿದ್ರಿ ವತ್ಸಲಾ?’ ಎಂದು ಕಾರ್ಯದರ್ಶಿ ನಕ್ಕರು. ಚಹಾದ ಲೋಟ ಕೈಯಲ್ಲಿ ಹಿಡಿದು ನಿಂತು ಹೇಳುವ ಉತ್ತರ ಅದಾಗಿರಲಿಲ್ಲ. ಹಾಗಾಗಿ ಬರೆಯಲು ಕೂತಿದ್ದೇನೆ.

ಪ್ರವಾಸ ನನ್ನದಲ್ಲ, ನಮ್ಮವರದು. ಇವರು ದಾವಣಗೆರೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರೊಫೆಸರು. ಕೆಲವು ವರ್ಷಗಳಿಂದ ನಮ್ಮ ಕಾಲೇಜುಗಳಿಗೂ ಹೊರಗಿನ ತಂಡಗಳು ಬಂದು, ಪಾಠದಿಂದ ಹಿಡಿದು ಶೌಚಾಲಯದ ನಲ್ಲಿಯವರೆಗೆ ಎಲ್ಲ ನೋಡಿ ದರ್ಜೆ ಕೊಟ್ಟು ಹೋಗುವ ಪದ್ಧತಿ ಬಂದಿದೆಯಲ್ಲ, ಇವರ ಕಾಲೇಜಿನಲ್ಲಿ ಅದರ ಹೊಣೆಯೆಲ್ಲ ಇವರದೇ. ಎರಡು ವರ್ಷ ಮನೆಯ ಊಟದ ಮೇಜಿನ ಮೇಲೆ ಊಟಕ್ಕಿಂತ ಕಡತಗಳೇ ಹೆಚ್ಚಿದ್ದವು. ಆ ಶ್ರದ್ಧೆ ಯಾರ ಕಣ್ಣಿಗೆ ಬಿತ್ತೋ, ಬೇರೆ ದೇಶಗಳವರು ಇದನ್ನು ಹೇಗೆ ಮಾಡುತ್ತಾರೆಂದು ನೋಡಿ ಬರಲು ಆಹ್ವಾನ ಬಂತು. ಶಿಕಾಗೊದಲ್ಲಿ ಎರಡು ದಿನದ ಕಮ್ಮಟ. ಆಮೇಲೆ ಡೆಟ್ರಾಯಿಟ್ ಕಡೆಯ ಒಂದು ಚಿಕ್ಕ ಕಾಲೇಜಿನ ತಪಾಸಣೆಗೆ ಹೋಗುವ ತಂಡದ ಜೊತೆ ಮೂರು ದಿನ, ಸುಮ್ಮನೆ ಕೂತು ನೋಡುವ ವೀಕ್ಷಕರಾಗಿ.

ನಾನು ಜೊತೆಗೆ ಹೊರಟದ್ದು ನಸ್ರೀನಳಿಗಾಗಿ.

ಕಾನ್ವೆಂಟಿನಲ್ಲಿ ಒಂದನೆಯ ತರಗತಿಯಿಂದ ನಾವಿಬ್ಬರೂ ಒಂದೇ ಬೆಂಚು. ಕನ್ನಡ ಮಾತಾಡಿದರೆ ದಂಡ ಹಾಕುತ್ತಿದ್ದ ಸಿಸ್ಟರುಗಳ ಕಣ್ಣು ತಪ್ಪಿಸಿ, ಹೊಲಿಗೆ ಕ್ಲಾಸಿನಲ್ಲಿ ತಲೆ ತಗ್ಗಿಸಿಕೊಂಡು ಕನ್ನಡದಲ್ಲಿ ಹರಟುತ್ತಿದ್ದೆವು. ಅಂಕಗಳಲ್ಲಿ ಅವಳು ಯಾವಾಗಲೂ ನನಗಿಂತ ಮುಂದೆ. ಪಿಯುಸಿ ಮುಗಿಯುವ ಮೊದಲೇ ಅವಳ ಮದುವೆಯಾಯಿತು. ಗಂಡ ರಫೀಕ್ ಜೊತೆ ಅಮೆರಿಕಕ್ಕೆ ಹೋದಳು. ನಾನು ಬಿ.ಎ. ಮುಗಿಸಿ ಆ ಸರ್ಟಿಫಿಕೇಟನ್ನು ಟ್ರಂಕಿನಲ್ಲಿಟ್ಟೆ. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಊರಿಗೆ ಬಂದದ್ದು ಎರಡು ಸಲ. ಒಮ್ಮೆ ನಾನು ಬಾಣಂತನಕ್ಕೆ, ಅಪ್ಪನಿಗೆ ವರ್ಗವಾಗಿದ್ದ ಬೇರೆ ಊರಿನಲ್ಲಿದ್ದೆ, ಇನ್ನೊಮ್ಮೆ ತಂದೆಯ ಮಣ್ಣಿಗೆ ಬಂದವಳು ಮೂರೇ ದಿನದಲ್ಲಿ ವಾಪಸು. ಅವಳ ಮನೆ ನಾರ್ತ್‌ವಿಲ್ ಎಂಬಲ್ಲಿ. ನಮ್ಮವರ ತಂಡ ಇಳಿದುಕೊಳ್ಳುವ ಆನ್ ಆರ್ಬರಿನಿಂದ ಹದಿನೇಳು ಮೈಲಿ ಎಂದು ನಕ್ಷೆ ನೋಡಿ ಇವರೇ ಅಳೆದು ಹೇಳಿದ್ದರು.

ನೇಪರ್‌ವಿಲ್

ದೀಪಾವಳಿ, ಈದ್ ಎರಡೂ ಒಂದೇ ವಾರ ಬಂದ ವರ್ಷ ಅದು, ಎರಡು ಸಾವಿರದ ಆರು. ಹಬ್ಬ ಮುಗಿದ ಮೂರನೆಯ ದಿನ ಹೊರಟೆವು. ಶಿಕಾಗೊದಲ್ಲಿ ಇವರ ಹಳೆಯ ವಿದ್ಯಾರ್ಥಿ ಈರಣ್ಣ ವಿಮಾನ ನಿಲ್ದಾಣಕ್ಕೇ ಬಂದಿದ್ದ. ಹಾವೇರಿ ಕಡೆಯ ಹುಡುಗ, ಈಗ ಯಂತ್ರಗಳ ಕಂಪನಿಯಲ್ಲಿ ಎಂಜಿನಿಯರು.

‘ಸರ್, ನನಗ ಪ್ರಾಕ್ಟಿಕಲ್ಸ್‌ನಾಗ ಐದು ಮಾರ್ಕ್ಸ್ ಕಟ್ ಮಾಡಿದ್ರಿ, ನೆನಪೈತ್ರಿ?’ ಎಂದ, ಕಾರು ಓಡಿಸುತ್ತ.

‘ನೀನು ಬ್ಯೂರೆಟ್ ಒಡೆದಿದ್ದೆಯಲ್ಲಪ್ಪ.’

‘ಒಡದಿದ್ದು ಬಾಜೂದವ್ರಿ! ಇಪ್ಪತ್ತು ವರ್ಷ ಆತು, ಇನ್ನಾದ್ರೂ ನಂಬ್ರಿ ಸರ್.’

ಅವನ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ಬೇಲಿಯಿಲ್ಲ, ಗೇಟಿಲ್ಲ, ಜಗಲಿಯ ಮೇಲೆ ಕೂತ ಒಂದು ಜೀವ ಇಲ್ಲ. ಎದುರುಮನೆಯ ಮರಕ್ಕೆ ಮಾತ್ರ ಒಂದು ಅಸ್ಥಿಪಂಜರ ನೇತುಹಾಕಿದ್ದರು, ಕೆಳಗೆ ಸಾಲಾಗಿ ಕುಂಬಳಕಾಯಿ. ನಮ್ಮಲ್ಲಿ ಹೊಸ ಮನೆಗೆ ಬೂದುಗುಂಬಳ ಕಟ್ಟುತ್ತೇವಲ್ಲ, ಇಲ್ಲಿಯವರಿಗೂ ದೃಷ್ಟಿಯ ಭಯ ಇದೆಯಲ್ಲ ಎಂದು ನನಗೆ ಸಮಾಧಾನವೇ ಆಯಿತು. ಈರಣ್ಣನ ಮಗಳು ಮೇಘನಾ, ಎಂಟು ವರ್ಷದವಳು, ನನ್ನನ್ನು ಕನಿಕರದಿಂದ ನೋಡಿ, ‘ನೋ ಆಂಟಿ, ಇಟ್ಸ್ ಜಸ್ಟ್ ಫಾರ್ ಹ್ಯಾಲೋವೀನ್’ ಎಂದಳು. ಅವಳಮ್ಮ ಗಿರಿಜಾ, ‘ಕನ್ನಡದಾಗ ಹೇಳ’ ಎಂದು ಗದರಿದಳು. ಮಗು ಸ್ವಲ್ಪ ಯೋಚಿಸಿ, ‘ಭೂತ’ ಎಂದು ಒಂದೇ ಪದ ಹೇಳಿ ಓಡಿಹೋಯಿತು.

ಮರುದಿನ ಬೆಳಿಗ್ಗೆ, ಈರಣ್ಣ ಇವರನ್ನು ಕಮ್ಮಟಕ್ಕೆ ಕರೆದೊಯ್ದ ಮೇಲೆ, ಗಿರಿಜಾಳ ಅಡುಗೆಮನೆಯ ಗೋಡೆಗಿದ್ದ ಫೋನಿನಿಂದ ನಸ್ರೀನಳ ನಂಬರು ಒತ್ತಿದೆ. ‘ಹಲೋ?’ ಎಂದ ದನಿ ಯಾರೋ ಬೇರೆಯವರದು ಅನ್ನಿಸಿತು.

‘ನಸ್ರೀನ್ ಇದ್ದಾರಾ?’

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು. ‘ಏ ವತ್ಸಲಿ! ಇದ್ದಾರಾ ಅಂತೆ! ಯಾವಾಗಿಂದ ನಂಗೆ ಬಹುವಚನ ಕೊಡೋಕೆ ಶುರು ಮಾಡ್ದೆ?’

ಅಳಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಗಿರಿಜಾ ಒಲೆಯ ಕಡೆ ತಿರುಗಿ ನಿಂತು ಉಪಕಾರ ಮಾಡಿದಳು.

ನಸ್ರೀನ್ ಎಲ್ಲ ಗೊತ್ತುಮಾಡಿಬಿಟ್ಟಿದ್ದಳು. ‘ಬುಧವಾರ ಸಾಯಂಕಾಲ ನಾನೇ ಡ್ರೈವ್ ಮಾಡ್ಕೊಂಡು ಬಂದು ಕರ್ಕೊಂಡು ಹೋಗ್ತೀನಿ. ರಾತ್ರಿ ನಮ್ಮನೇಲಿ. ಗುರುವಾರ ಏರ್‌ಪೋರ್ಟ್‌ಗೂ ನಾನೇ ಬಿಡ್ತೀನಿ. ನಿಂಗೆ ಅಂತ ಬದನೆಕಾಯಿ ತಂದಿಟ್ಟಿದೀನಿ, ನಿಮ್ಮೆಜಮಾನ್ರಿಗೆ ಬೇರೆ ಪಾತ್ರೆ, ಬೇರೆ ಸೌಟು, ಆಯ್ತಾ? ಸೋಮವಾರ ಮಂಗಳವಾರ ಮಾತ್ರ ಆಗಲ್ಲ ಕಣೇ. ನಮ್ಮ ಕಾಲೇಜಿಗೆ ಯಾವ್ದೋ ಟೀಮ್ ಬರ್ತಿದೆ.’

‘ಯಾವ ಕಾಲೇಜು?’

‘ಹೇಳಿರಲಿಲ್ವಾ ನಿಂಗೆ? ನಾನು ಓದ್ತಿದೀನಿ ವತ್ಸಲಿ. ಟೀಚರ್ ಆಗೋಕೆ. ಇದು ಎರಡನೇ ವರ್ಷ. ಮಕ್ಕಳಿಗೆ ಹೋಮ್‌ವರ್ಕ್, ನಂಗೂ ಹೋಮ್‌ವರ್ಕ್. ಕ್ಲಾಸಲ್ಲಿ ಎಲ್ರಿಗಿಂತ ಮುದುಕಿ ನಾನೇ!’

ಅವಳು ಕಾಲೇಜಿನ ಹೆಸರು ಹೇಳಿದಳು. ವಿಮಾನದಲ್ಲಿ ಹದಿನೆಂಟು ಗಂಟೆ ನಮ್ಮವರ ತೊಡೆಯ ಮೇಲಿದ್ದ ಕಡತದ ಮೇಲೆ ದಪ್ಪ ಅಕ್ಷರದಲ್ಲಿದ್ದ ಹೆಸರು ಅದು.

ಅದನ್ನು ಅವಳಿಗೂ ಹೇಳಲಿಲ್ಲ, ಸಂಜೆ ಬಂದ ಇವರಿಗೂ ಹೇಳಲಿಲ್ಲ. ಹೇಳುವಂಥದ್ದು ಇದೆ ಎಂದೂ ಆಗ ಅನ್ನಿಸಲಿಲ್ಲ. ಖುಷಿಯೇ ಆಯಿತು. ನಮ್ಮವರು ನಸ್ರೀನಳ ಕಾಲೇಜನ್ನೇ ನೋಡಲು ಹೋಗುತ್ತಿದ್ದಾರೆ, ಇನ್ನೇನು ಬೇಕು!

ಶಿಕಾಗೊ

ಎರಡನೆಯ ದಿನ, ಬಂದವರ ಮಡದಿಯರಿಗೆಂದು ಸರೋವರದ ಕಡೆ ಬಸ್ಸು ಹೊರಟಿತ್ತು. ಚಳಿಗೆ ಹೆದರಿ ನಾನು ಹೋಗಲಿಲ್ಲ. ಕಮ್ಮಟದ ಹಾಲಿನಲ್ಲಿ ಹಿಂದಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತೆ.

ಮುಂದಿನ ಸಾಲಿನಲ್ಲಿ ಡೋರತಿ ಎಂಬ ಬಿಳಿಗೂದಲಿನ ಹೆಂಗಸು. ಡೆಟ್ರಾಯಿಟ್ ಕಡೆ ಹೋಗುವ ತಂಡಕ್ಕೆ ಅವರೇ ಅಧ್ಯಕ್ಷರು. ಕಾಫಿಯ ಬಿಡುವಿನಲ್ಲಿ ನಾನು ಪರಿಚಯ ಮಾಡಿಕೊಂಡು, ಊರಿನಿಂದ ತಂದಿದ್ದ ಇಳಕಲ್ ಅಂಚಿನ ಶಾಲು ಮತ್ತು ಒಂದು ಪೊಟ್ಟಣ ಚಕ್ಕುಲಿ ಅವರ ಕೈಗಿತ್ತೆ. ನಮ್ಮ ಕಾಲೇಜಿಗೆ ತಂಡ ಬಂದಾಗ ನಾವು ಮಾಡಿದ್ದು ಇದರ ಹತ್ತು ಪಟ್ಟು. ಗೋಡೆಗೆ ಸುಣ್ಣ, ನರ್ಸರಿಯಿಂದ ಬಾಡಿಗೆಗೆ ತಂದ ಹೂಕುಂಡ, ಬಾಗಿಲಲ್ಲಿ ಹುಡುಗಿಯರ ಸ್ವಾಗತಗೀತೆ, ಆರತಿ. ಹೋಳಿಗೆ ನಾನೇ ಮಾಡಿದ್ದೆ. ತಂಡದ ಹಿರಿಯರೊಬ್ಬರು ನಾಲ್ಕು ತಿಂದು, ‘ಈ ಕಾಲೇಜಿನ ಗುಣಮಟ್ಟ ಇಲ್ಲೇ ಗೊತ್ತಾಯ್ತು’ ಎಂದು ಹಾಸ್ಯ ಮಾಡಿದ್ದರು. ಆ ಮಾತನ್ನು ನಾನು ಆರು ತಿಂಗಳು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಡೋರತಿ ಶಾಲಿನ ಅಂಚನ್ನು ಬೆರಳಿನಿಂದ ಸವರಿದರು. ತುಂಬಾ ಚೆನ್ನಾಗಿದೆ ಎಂದರು. ಮಡಿಕೆ ಕೆಡದಂತೆ ಮಡಿಸಿ ನನ್ನ ಕೈಗೇ ವಾಪಸು ಇಟ್ಟರು. ಆಮೇಲೆ ಬ್ಯಾಗಿನಿಂದ ಒಂದು ಕಾಗದ ತೆಗೆದು, ಒಬ್ಬ ವೀಕ್ಷಕರ ಪತ್ನಿ ಇಂಥಿಂಥದ್ದು ಕೊಟ್ಟರು, ಹಿಂದಿರುಗಿಸಲಾಯಿತು ಎಂದು ಬರೆದು, ನನಗೂ ತೋರಿಸಿ, ದಿನಾಂಕ ಹಾಕಿದರು. ಚಕ್ಕುಲಿಯನ್ನೂ ಬರೆದರು. ಅದರ ಹೆಸರಿನ ಅಕ್ಷರಗಳನ್ನು ನಾನೇ ಹೇಳಿಕೊಡಬೇಕಾಯಿತು. ಅವರ ದನಿಯಲ್ಲಿ ಒಂದಿಷ್ಟೂ ಗಡಸಿರಲಿಲ್ಲ, ಅದೇ ನನಗೆ ಇನ್ನೂ ಕಷ್ಟವಾಯಿತು.

ಬಿಡುವಿನ ನಂತರ ಮಾತಾಡಿದವಳು ಮರಿಯಾನ್. ಡೆನ್ಮಾರ್ಕಿನವಳು, ನನ್ನ ವಯಸ್ಸಿನವಳೇ, ಉದ್ದ ಕತ್ತಿನ ಸ್ವೆಟರು, ತುಟಿಗೆ ಬಣ್ಣವಿಲ್ಲ. ಅವಳ ದೇಶದಲ್ಲಿ ಇದೇ ಕೆಲಸ ಮಾಡುವ ಸಂಸ್ಥೆಯವಳು. ಅವಳೂ ಇವರಂತೆ ಡೋರತಿಯ ತಂಡದಲ್ಲಿ ವೀಕ್ಷಕಿ. ಯೂರೋಪಿನಲ್ಲಿ ಇಂಥ ಸಂಸ್ಥೆಗಳು ಹೇಗೆ ನಡೆಯುತ್ತವೆಂದು ಅವಳು ಹೇಳುತ್ತಿದ್ದರೆ, ಅಡುಗೆಮನೆಯವಳಾದ ನನಗೂ ಅರ್ಥವಾಯಿತು. ಒಂದೊಂದು ದೇಶಕ್ಕೆ ಒಂದೊಂದು ರೀತಿ. ಕೆಲವು ಕಡೆ ಸರಕಾರ ಕಾನೂನು ಮಾಡಿ ಒಂದೇ ಸಂಸ್ಥೆ ಕಟ್ಟಿದೆ, ಖರ್ಚೂ ಕೊಡುತ್ತದೆ, ಆದರೆ ವರದಿ ಬರೆಯುವವರ ಕೈ ಹಿಡಿಯುವಂತಿಲ್ಲ. ಕೆಲವು ಕಡೆ ವಿಶ್ವವಿದ್ಯಾಲಯಗಳೇ ಸೇರಿ ಕಟ್ಟಿಕೊಂಡಿವೆ. ಜರ್ಮನಿಯಲ್ಲಿ ಇಂಥವು ಹಲವು, ಅವುಗಳ ಮೇಲೊಂದು ಮಂಡಳಿ. ಡಚ್ಚರದು ಗಡಿಯಾಚೆಯ ಬೆಲ್ಜಿಯಂನ ಡಚ್ ಭಾಷಿಕರೊಡನೆ ಸೇರಿ ಒಂದೇ ಒಲೆ. ತಪಾಸಣೆ ಮಾಡುವ ಈ ಸಂಸ್ಥೆಗಳನ್ನೂ ಕೆಲವು ವರ್ಷಕ್ಕೊಮ್ಮೆ ಹೊರಗಿನವರು ಬಂದು ತಪಾಸಣೆ ಮಾಡಬೇಕೆಂದು ಈಗ ಎಲ್ಲರೂ ಒಪ್ಪಿದ್ದಾರಂತೆ. ಇನ್ನೊಂದು ಮಾತಿಗೆ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಅವರಲ್ಲಿ ಹಲವು ದೇಶಗಳ ತಂಡಗಳಲ್ಲಿ ಒಬ್ಬ ವಿದ್ಯಾರ್ಥಿಯೂ ಕೂರುತ್ತಾನೆ, ಸ್ವಾಗತಗೀತೆ ಹಾಡಲು ಅಲ್ಲ, ಪ್ರೊಫೆಸರುಗಳ ಸಮಕ್ಕೆ ಪ್ರಶ್ನೆ ಕೇಳಲು.

ಯಾರೋ ಕೇಳಿದರು, ನಿಮ್ಮದು ಪುಟ್ಟ ದೇಶ, ಎಲ್ಲರಿಗೂ ಎಲ್ಲರೂ ಗೊತ್ತಲ್ಲ, ಹೊರಗಿನವರು ಅಂತ ಯಾರನ್ನು ಹುಡುಕುತ್ತೀರಿ? ಪಕ್ಕದ ದೇಶಗಳಿಂದ ಕರೆಸುತ್ತೇವೆ ಎಂದಳು. ನನಗೆ ನಗು ಬಂತು. ನಮ್ಮ ಮಹಿಳಾ ಸಮಾಜದ ರಂಗೋಲಿ ಸ್ಪರ್ಧೆಗೆ ಹರಿಹರದಿಂದ ತೀರ್ಪುಗಾರರನ್ನು ಕರೆಸುವುದು ಇದೇ ಕಾರಣಕ್ಕೆ. ದಾವಣಗೆರೆಯಲ್ಲಿ ಹುಡುಕಿದರೆ ಎಲ್ಲರೂ ಯಾರಿಗಾದರೂ ನಾದಿನಿಯೇ.

ಆಮೇಲೆ ಮರಿಯಾನ್ ತನ್ನದೇ ಒಂದು ಸಂಗತಿ ಹೇಳಿದಳು. ಅವಳ ತಂಗಿ ಪಾಠ ಮಾಡುವ ವಿಶ್ವವಿದ್ಯಾಲಯಕ್ಕೆ ಇವಳ ಸಂಸ್ಥೆಯ ತಂಡ ಹೋಗಬೇಕಾಯಿತು. ಇವಳು ಆ ಕೆಲಸದಿಂದ ಹೊರಗುಳಿದಳು. ಸಾಲದೆಂದು, ವರದಿ ಹೊರಬೀಳುವ ತನಕ ತಂಗಿಯ ಮನೆಗೂ ಹೋಗಲಿಲ್ಲ. ನಡುವೆ ತಂಗಿಯ ಮಗನ ಹುಟ್ಟುಹಬ್ಬ ಬಂದು ಹೋಯಿತು. ‘ನಾವು ಏನೂ ತಪ್ಪು ಮಾಡುತ್ತಿರಲಿಲ್ಲ. ಆದರೆ ತಪ್ಪು ಮಾಡಲಿಲ್ಲ ಎಂದು ಯಾರಿಗೂ ತೋರಿಸಲು ಆಗುತ್ತಿರಲಿಲ್ಲ’ ಎಂದಳು.

ನನ್ನ ಮಡಿಲಲ್ಲಿ ವಾಪಸು ಬಂದ ಶಾಲು, ಚಕ್ಕುಲಿ. ನಸ್ರೀನ್ ತಂದಿಟ್ಟ ಬದನೆಕಾಯಿ ನೆನಪಾಯಿತು.

ಹಾಲಿನ ಹೊರಗೆ, ಕೋಟುಗಳನ್ನು ನೇತುಹಾಕುವಲ್ಲಿ, ಇವರಿಗೆ ಹೇಳಿದೆ.

ಇವರು ಕೋಟಿನ ತೋಳಿಗೆ ತೂರಿಸಿದ್ದ ಕೈಯನ್ನು ಹೊರತೆಗೆದರು. ‘ಮೊನ್ನೆ ತಾನೇ ಫಾರ್ಮ್‌ಗೆ ಸೈನ್ ಹಾಕಿದೀನಿ. ನನಗೆ, ನನ್ನ ಮನೆಯವರಿಗೆ ಆ ಕಾಲೇಜಿನಲ್ಲಿ ಯಾರೂ ಗೊತ್ತಿಲ್ಲ ಅಂತ.’

‘ನಂಗೂ ನಿನ್ನೆ ಗೊತ್ತಾಗಿದ್ದು.’

‘ನಿನ್ನೇನೇ ಹೇಳ್ಬೇಕಿತ್ತು.’

‘ಹೇಳೋ ವಿಷಯ ಅಂತ ಗೊತ್ತಿದ್ರೆ ಹೇಳ್ತಿರಲಿಲ್ವೇ?’

ಇಬ್ಬರೂ ಡೋರತಿಯ ಬಳಿ ಹೋದೆವು. ಅವರು ಪೂರ್ತಿ ಕೇಳಿಸಿಕೊಂಡು, ಇನ್ನೊಂದು ಕಾಗದ ತೆಗೆದು ಅದನ್ನೂ ಬರೆದರು. ನಿಮ್ಮವರು ವೀಕ್ಷಕರಷ್ಟೇ, ವರದಿ ಬರೆಯುವವರಲ್ಲ, ಹಾಗಾಗಿ ಬರಬಹುದು, ವಿದ್ಯಾರ್ಥಿಗಳ ಜೊತೆಗಿನ ಸಭೆಯಲ್ಲಿ ಮಾತ್ರ ಕೂರಬಾರದು ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ವರದಿ ಕಾಲೇಜಿನ ಕೈ ಸೇರುವವರೆಗೆ, ಅಂದರೆ ಸುಮಾರು ಆರು ವಾರ, ನೀವಿಬ್ಬರೂ ಆಕೆಯನ್ನು ಭೇಟಿಯಾಗುವಂತಿಲ್ಲ, ಫೋನೂ ಇಲ್ಲ. ಅದು ಒಪ್ಪಿಗೆಯಾಗದಿದ್ದರೆ ನಿಮ್ಮವರು ತಂಡ ಬಿಡಬೇಕು. ಕಾರಣ ಹೇಳಲು ಒಂದು ಸಲ ಆಕೆಗೆ ಫೋನ್ ಮಾಡಿ, ನಿಮ್ಮ ತೀರ್ಮಾನವನ್ನು ಬೇಕಾದರೆ ನನಗೆ ನಾಳೆ ಹೇಳಿ.

ನಮ್ಮ ವಿಮಾನ ಐದು ದಿನದಲ್ಲಿತ್ತು.

ಇವರು ಕಾರಿನಲ್ಲಿ ಕೂತ ಮೇಲೆ, ‘ನಾನು ಬಿಟ್ಟುಬಿಡ್ತೀನಿ ವತ್ಸಲಾ. ಕಮ್ಮಟ ಆಯ್ತಲ್ಲ, ಅಷ್ಟು ಸಾಕು. ನೀನು ಹೋಗಿ ಬಾ’ ಎಂದರು. ಹೇಳುವಾಗ ಕಡತದ ದಾರವನ್ನು ಬಿಚ್ಚಿ ಕಟ್ಟುತ್ತಿದ್ದರು. ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಮುಂದಿನ ಸೀಟಿನ ಈರಣ್ಣ ರೇಡಿಯೋ ಆರಿಸಿ ಮಿರರಿನಲ್ಲಿ ಒಮ್ಮೆ ನೋಡಿ ರಸ್ತೆಯ ಕಡೆ ಕಣ್ಣಿಟ್ಟ.

ನೇಪರ್‌ವಿಲ್, ಮತ್ತೆ

ಅದೇ ಗೋಡೆಯ ಫೋನು. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ.

‘ಯಾ ಅಲ್ಲಾ’ ಎಂದಳು ನಸ್ರೀನ್. ‘ನಿಮ್ಮೆಜಮಾನ್ರಾ ಆ ಟೀಮು?’

‘ಅವರು ಸುಮ್ನೆ ನೋಡೋಕೆ. ಬಿಟ್ಟುಬಿಡ್ತೀನಿ ಅಂತಿದಾರೆ. ಅವರು ಬಿಟ್ರೆ ನಾವು ಸಿಗಬಹುದು. ನೀನು ಏನಂತೀಯೋ ಹಾಗೆ.’

ಆ ಕಡೆ ಕುಕ್ಕರು ಕೂಗುವುದು ಕೇಳಿಸುತ್ತಿತ್ತು, ನಮ್ಮ ಮನೆಯ ಕುಕ್ಕರಿನ ಹಾಗೇ.

‘ವತ್ಸಲಿ, ಹೋದ ಸಲ ಬಂದೋರು ನಮ್ಮ ಕಾಲೇಜಿಗೆ ನೋಟಿಸ್ ಕೊಟ್ಟು ಹೋಗಿದ್ರು, ಗೊತ್ತಾ? ಲೈಬ್ರರಿ ಸಾಲದು, ಮೇಷ್ಟ್ರು ಸಾಲದು ಅಂತ. ಈ ಸಲ ಮಾನ್ಯತೆ ತೆಗೆದ್ರೆ ನನ್ನ ಎರಡು ವರ್ಷ ಎಲ್ಲೂ ನಡೆಯಲ್ಲ. ಮೊದಲಿಂದ ಶುರು. ರಫೀಕ್ ಅಂಗಡಿ ಮುಚ್ಚಿ ಬಂದು ಅಡುಗೆ ಮಾಡ್ತಾರೆ, ನಾನು ಸಾಯಂಕಾಲ ಕ್ಲಾಸಿಗೆ ಹೋಗ್ತೀನಿ. ಇನ್ನೊಂದ್ಸಲ ಹೀಗೆ ಮಾಡೋಕೆ ಆಗಲ್ಲ ಕಣೇ, ನಂಗೂ ಆಗಲ್ಲ, ಅವರಿಗೂ ಆಗಲ್ಲ.’

‘ಅದಕ್ಕೇ ಅಲ್ವಾ, ಇವರು ತಂಡ ಬಿಟ್ರೆ...’

‘ಬಿಡೋದು ಬೇಡ. ವಿದ್ಯಾರ್ಥಿಗಳ ಸಭೆಗೆ ಆರಿಸಿರೋ ಆರು ಜನರಲ್ಲಿ ನಾನೂ ಒಬ್ಳು. ನಾನು ಅಲ್ಲಿ ಮಾತಾಡೋ ಹೊತ್ತಿಗೆ, ಟೀಮಿನವರೊಬ್ಬರು ನನ್ನ ಗೆಳತಿ ಗಂಡ ಅಂತ ಹೊರಗೆ ಹೋದ್ರು ಅಂತ ಆದ್ರೆ ಯಾರು ಏನಂತಾರೋ. ಆ ಮುದುಕಿ ಹೇಳಿದ್ದೇ ಸರಿ. ಅವರು ಇರ್ಲಿ. ನೀನು ಬರ್ಬೇಡ.’ ಸ್ವಲ್ಪ ತಡೆದು, ‘ನಂಗೆ ಈ ಡಿಗ್ರಿ ಒಂದು ಕಲೆ ಇಲ್ದೆ ಬೇಕು ವತ್ಸಲಿ. ನಿಂಗೆ ಸಿಕ್ತಲ್ಲ, ಹಾಗೆ.’

ಟ್ರಂಕಿನಲ್ಲಿ ಡಾಂಬರುಗುಳಿಗೆಯ ಜೊತೆ ಮಲಗಿರುವ ನನ್ನ ಸರ್ಟಿಫಿಕೇಟಿನ ಬಗ್ಗೆ ಅವಳಿಗೆ ಏನು ಹೇಳಲಿ?

‘ಬದನೆಕಾಯಿ?’ ಎಂದೆ.

‘ನಾನೇ ತಿಂತೀನಿ ಬಿಡು. ನಿನ್ನ ಬೈಕೊಂಡು ತಿಂತೀನಿ.’

ಆನ್ ಆರ್ಬರ್

ಭಾನುವಾರ ಈರಣ್ಣನೇ ನಮ್ಮನ್ನು ಕರೆದೊಯ್ದ. ನಾಲ್ಕೂವರೆ ಗಂಟೆಯ ದಾರಿ, ಒಂದೇ ಹಾರ್ನು ಕೇಳಿಸಲಿಲ್ಲ. ಮರಗಳ ಎಲೆ ಕೆಂಪು, ಅರಿಶಿನ, ಕಂದು. ನಮ್ಮಲ್ಲಿ ಎಲೆ ಉದುರುವಾಗ ಯಾರೂ ನೋಡಲು ಹೋಗುವುದಿಲ್ಲ, ಇಲ್ಲಿ ಅದಕ್ಕೆಂದೇ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ.

ಹೋಟೆಲಿನಲ್ಲಿ ತಂಡದವರೆಲ್ಲ ಒಂದೇ ಮಹಡಿಯಲ್ಲಿ. ಅವರಿಗೆಂದೇ ಬೀಗ ಹಾಕಿದ ಒಂದು ಕೋಣೆ, ಒಳಗೆ ಪೆಟ್ಟಿಗೆಗಟ್ಟಲೆ ಕಾಗದ. ಊಟವೂ ಅವರವರೇ. ಕಾಲೇಜಿನವರು ಕೋಣೆಗೊಂದು ಹಣ್ಣಿನ ಬುಟ್ಟಿ ಕಳಿಸಿದ್ದರು, ಅದೂ ವಾಪಸು ಹೋಯಿತೆಂದು ಕೇಳಿ, ಆ ಕಾಲೇಜಿನವರ ಮೇಲೆ ನನಗೆ ಒಂದು ಬಗೆಯ ಸ್ವಂತದವರೆಂಬ ಭಾವ ಬಂತು.

ಸೋಮವಾರ ಬೆಳಿಗ್ಗೆ ದೇವರಿಗೆಂದು ಒಂದೇ ಒಂದು ಊದುಬತ್ತಿ ಹಚ್ಚಿದೆ. ಎರಡು ನಿಮಿಷದಲ್ಲಿ ಸೂರಿನ ಹೊಗೆಗಂಟೆ ಬಡಿದು ಇಡೀ ಮಹಡಿ ಕಿರುಚತೊಡಗಿತು. ಡೋರತಿ ರಾತ್ರಿಯುಡುಪಿನ ಮೇಲೆ ಕೋಟು ತೊಟ್ಟು ಮೆಟ್ಟಿಲಿಳಿದರು. ಮರಿಯಾನ್ ಬರಿಗಾಲಿನಲ್ಲಿ. ಎಲ್ಲರೂ ಕಾರು ನಿಲ್ಲಿಸುವಲ್ಲಿ ನಡುಗುತ್ತ ನಿಂತಾಗ ನಾನು, ‘ನನ್ನಿಂದ ಆದದ್ದು’ ಎಂದೆ. ಡೋರತಿ ಜೇಬು ತಡಕುವಂತೆ ಮಾಡಿ, ‘ಇದನ್ನು ಬರೆದುಕೊಳ್ಳುವುದಿಲ್ಲ’ ಎಂದರು. ಅವರೂ ನಗುತ್ತಾರೆಂದು ಆಗ ಗೊತ್ತಾಯಿತು.

ಅವರೆಲ್ಲ ಹೋದ ಮೇಲೆ ನನಗೆ ಕೆಲಸವಿಲ್ಲ. ಕಿಟಕಿಯಿಂದ ಹೆದ್ದಾರಿ ಕಾಣುತ್ತಿತ್ತು. ನಾರ್ತ್‌ವಿಲ್ ಯಾವ ಕಡೆ ಎಂದು ಕೆಳಗಿನ ಕೌಂಟರಿನ ಹುಡುಗಿಯನ್ನು ಕೇಳಿದೆ. ಪಾರ್ಕಿಂಗಿನ ಆಚೆಗೆ ಕೈ ತೋರಿಸಿ, ‘ಇಪ್ಪತ್ತು ನಿಮಿಷ, ಟ್ಯಾಕ್ಸಿ ಕರೆಯಲೇ?’ ಎಂದಳು. ಬೇಡ ಎಂದೆ. ಮಧ್ಯಾಹ್ನ ಮತ್ತೆ ಕೆಳಗಿಳಿದಾಗ ಮತ್ತೆ ಕೇಳಿದಳು. ನಾನು ಕೆಳಗಿಳಿಯುವುದನ್ನೇ ಬಿಟ್ಟೆ. ಮಂಚದ ಪಕ್ಕ ಫೋನು, ನಂಬರು ಬಾಯಿಪಾಠ. ಕಾನ್ವೆಂಟಿನಲ್ಲಿ ಸಿಸ್ಟರು ಕೋಣೆಯಲ್ಲಿ ಇಲ್ಲದಾಗಲೂ ಬೆರಳು ತುಟಿಯ ಮೇಲಿಟ್ಟು ಕೂರಿಸುತ್ತಿದ್ದರಲ್ಲ, ಹಾಗೆ ಕೂತೆ.

ಕಾಲೇಜಿನ ಪಡಸಾಲೆ

ಮಂಗಳವಾರ ಎರಡೂವರೆಗೆ ಇವರ ಫೋನು. ‘ಓದೋ ಕನ್ನಡಕ ರೂಮಲ್ಲೇ ಬಿಟ್ಟಿದೀನಿ. ಹೋಟೆಲ್ ವ್ಯಾನ್ ಡ್ರೈವರ್ ಕೈಲಿ ಕಳಿಸ್ತೀಯಾ? ಆಫೀಸಲ್ಲಿ ಕೊಟ್ಟರೆ ಸಾಕು.’

ಡ್ರೈವರ್ ಕೈಲಿ ಕಳಿಸಬಹುದಿತ್ತು. ನಾನೇ ವ್ಯಾನು ಹತ್ತಿ ಕೂತೆ. ವಿದ್ಯಾರ್ಥಿಗಳ ಸಭೆ ಎರಡಕ್ಕೆ ಎಂದು ಇವರು ಬೆಳಿಗ್ಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲವೆಂದು ಸುಳ್ಳು ಬರೆಯುವುದಿಲ್ಲ.

ಇಟ್ಟಿಗೆಯ ಎರಡು ಮಹಡಿ ಕಟ್ಟಡ. ಸುಣ್ಣ ಹೊಸದಲ್ಲ, ಹೂಕುಂಡ ಇಲ್ಲ. ಪಡಸಾಲೆಯಲ್ಲಿ ನೀರು ಕುಡಿಯುವ ನಲ್ಲಿ, ಅದರ ಪಕ್ಕ ಒಂದು ಅಗಲ ಕಂಬ. ಆಫೀಸಿನಲ್ಲಿ ಕನ್ನಡಕ ಕೊಟ್ಟು ಹೊರಬಂದಾಗ, ಆ ಕಡೆಯ ಬಾಗಿಲು ತೆರೆದು ನಾಲ್ಕೈದು ಜನ ಹೊರಬಂದರು. ಎಲ್ಲರೂ ಎಳೆಯರು, ಒಬ್ಬಳು ಬಿಟ್ಟು.

ಹಸಿರು ಸ್ಕಾರ್ಫು, ಕಂದು ಕೋಟು, ಹೆಗಲಲ್ಲಿ ಪುಸ್ತಕದ ಭಾರದ ಚೀಲ. ನನಗೆ ಬೆನ್ನು ಮಾಡಿ ನೋಟಿಸು ಬೋರ್ಡು ಓದುತ್ತ ನಿಂತಳು. ದಪ್ಪಗಾಗಿದ್ದಳು. ಬೇರೆ ಯಾರೋ ಇರಬಹುದು ಎಂದುಕೊಳ್ಳುವಷ್ಟರಲ್ಲಿ ಆಕೆ ಒಂದು ಕಾಲನ್ನು ಶೂನಿಂದ ಹೊರತೆಗೆದು ಇನ್ನೊಂದು ಪಾದದ ಮೇಲಿಟ್ಟುಕೊಂಡಳು. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಹಾಗೆ ನಿಂತು ಹತ್ತು ವರ್ಷ ಬೈಸಿಕೊಂಡವಳು ಒಬ್ಬಳೇ.

ನಾನು ಕಂಬದ ಹಿಂದೆ ಸರಿದೆ.

ಹತ್ತು ಹೆಜ್ಜೆ ಇರಬಹುದು. ಪಕ್ಕದ ಹುಡುಗ ಇಂಗ್ಲಿಷಿನಲ್ಲಿ ಏನೋ ಕೇಳಿದ. ಅವಳು ಇಲ್ಲಿಯವರದೇ ಉಚ್ಚಾರದಲ್ಲಿ, ‘ಅವರು ಕೇಳಿದರು, ನಾನು ಇದ್ದದ್ದು ಇದ್ದಂತೆ ಹೇಳಿದೆ’ ಎಂದಳು. ಆಮೇಲೆ ನಕ್ಕಳು. ಆ ನಗೆಗೆ ಮಾತ್ರ ಉಚ್ಚಾರ ಬದಲಾಗಿರಲಿಲ್ಲ.

ಹೆಸರು ಹಿಡಿದು ಕರೆದರೆ ತಿರುಗುತ್ತಿದ್ದಳು. ಬೀಗದ ಕೋಣೆಯಲ್ಲಿ ಬರೆಯುತ್ತಿರುವವರು, ರಫೀಕ್ ಮಾಡುವ ಅಡುಗೆ, ಇವರು ಕಟ್ಟಿ ಬಿಚ್ಚುತ್ತಿದ್ದ ದಾರ, ಏನೇನೋ ತಲೆಯಲ್ಲಿ ಬಂತು. ಒಂದು ಸಲ ತಾನಾಗಿಯೇ ತಿರುಗಲಿ ದೇವರೇ ಎಂದುಕೊಂಡೆ. ಮರುಕ್ಷಣ, ತಿರುಗದಿರಲಿ ಎಂದುಕೊಂಡೆ. ಅವಳು ಕಾಲನ್ನು ಶೂಗೆ ತೂರಿಸಿ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಗಾಜಿನ ಬಾಗಿಲನ್ನು ಬೆನ್ನಿನಿಂದಲ್ಲ, ಕೈಯಿಂದ ತಳ್ಳಿಕೊಂಡು ಹೋದಳು. ಬೆನ್ನಿನಿಂದ ತಳ್ಳಿದ್ದರೆ ಮುಖ ಕಾಣುತ್ತಿತ್ತು.

ಸಂಜೆ ಇವರಿಗೆ ಹೇಳಿದೆ. ‘ಮಾತಾಡಿದ್ಯಾ?’ ಎಂದರು. ಇಲ್ಲ ಎಂದೆ. ಡೋರತಿ ಬೀಗದ ಕೋಣೆಯಲ್ಲಿದ್ದರು, ಹಾಗಾಗಿ ಇವರೇ ಮರಿಯಾನಳ ಕೋಣೆಯ ಬಾಗಿಲು ತಟ್ಟಿ, ದೂರದಿಂದ ನೋಡಿದ್ದನ್ನೂ ಬರೆದುಕೊಡಬೇಕೇ ಎಂದು ಕೇಳಿದರು. ಮರಿಯಾನ್ ನನ್ನ ಮುಖ ನೋಡಿದಳು. ‘ನೋಡಿದ್ದಕ್ಕೆ ನಮ್ಮ ಫಾರ್ಮಿನಲ್ಲಿ ಜಾಗವಿಲ್ಲ’ ಎಂದಳು. ಒಳಗೆ ಕರೆದು, ಹೋಟೆಲಿನ ಕಾಗದದ ಲೋಟದಲ್ಲಿ ಚಹಾ ಮಾಡಿಕೊಟ್ಟಳು. ಹಾಲಿಲ್ಲ, ಸಕ್ಕರೆಯಿಲ್ಲ. ಕುಡಿದೆ.

ಬುಧವಾರ ಮಧ್ಯಾಹ್ನ ಡೋರತಿ ಕಾಲೇಜಿನವರ ಮುಂದೆ ನಿಂತು ತಂಡ ಕಂಡದ್ದನ್ನು ಹತ್ತು ನಿಮಿಷ ಓದಿದರಂತೆ. ಪ್ರಶ್ನೆಯಿಲ್ಲ, ಉತ್ತರವಿಲ್ಲ, ಹಾರವಿಲ್ಲ, ಗುಂಪಿನ ಫೋಟೋ ಇಲ್ಲ. ಓದಿ ಮುಗಿಸಿ ಎಲ್ಲರೂ ಎದ್ದು ಕಾರು ಹತ್ತಿದರಂತೆ. ‘ಕಾಫಿ ಕೂಡ ಇಲ್ವಾ?’ ಎಂದೆ. ಅವರು ಏನು ಓದಿದರೆಂದು ಕೇಳಲಿಲ್ಲ. ಇವರೂ ಹೇಳಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಇವರು ನನ್ನಿಂದ ಮುಚ್ಚಿಟ್ಟ ಮೊದಲ ಸಂಗತಿ ಅದು.

ಗುರುವಾರ ವಿಮಾನ ನಿಲ್ದಾಣಕ್ಕೆ ಹೋಗುವ ವ್ಯಾನು ಹೆದ್ದಾರಿ ಸೇರಿದಾಗ, ನಾರ್ತ್‌ವಿಲ್ ಎಂದು ಬರೆದ ಹಸಿರು ಫಲಕ ಬೇರೆ ದಾರಿಯ ಕಡೆ ಬಾಣ ತೋರಿಸುತ್ತಿತ್ತು. ಇವರು ನನ್ನ ಕೈ ಹಿಡಿದರು. ಡ್ರೈವರು ನಮ್ಮ ಕಡೆ ನೋಡುತ್ತಿದ್ದ, ಆದರೂ ಹಿಡಿದರು.

ದಾವಣಗೆರೆ

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಇವರು ಕಾಲೇಜಿನಿಂದಲೇ ಫೋನ್ ಮಾಡಿ, ‘ಡೋರತಿಯವರ ಮೇಲ್ ಬಂದಿದೆ. ವರದಿ ಅವರ ಕೈ ಸೇರಿತಂತೆ. ನೀನಿನ್ನು ಮಾತಾಡಬಹುದು’ ಎಂದರು. ಅಲ್ಲಿ ರಾತ್ರಿಯಾಗಿರುತ್ತದೆಂದು ಲೆಕ್ಕ ಹಾಕಿ, ಸಂಜೆಯವರೆಗೆ ಕಾದೆ.

ಅವಳೇ ಎತ್ತಿದಳು. ‘ಆರು ವಾರ ನಾಲ್ಕು ದಿನ’ ಎಂದಳು, ಹಲೋ ಕೂಡ ಹೇಳದೆ.

ವರದಿ ಒಳ್ಳೆಯದೇ ಬಂದಿತ್ತು. ಲೈಬ್ರರಿ ಇನ್ನೂ ಚಿಕ್ಕದು, ಆದರೆ ಪಾಠ ಗಟ್ಟಿ, ನೋಟಿಸು ತೆಗೆಯಬಹುದು ಎಂದು ಶಿಫಾರಸು. ಕೊನೆಯ ತೀರ್ಮಾನ ದೊಡ್ಡ ಸಮಿತಿಯದು, ಇನ್ನೂ ಎರಡು ತಿಂಗಳು. ‘ಸಾಯಂಕಾಲ ಓದುವ ದೊಡ್ಡ ವಯಸ್ಸಿನ ವಿದ್ಯಾರ್ಥಿಗಳು ಈ ಕಾಲೇಜಿನ ಬಲ ಅಂತ ಒಂದು ಸಾಲು ಬರ್ದಿದಾರೆ ವತ್ಸಲಿ. ನಂದೇ ಕಣೇ ಆ ಸಾಲು!’

ಆಗ ಹೇಳಿದೆ, ಕನ್ನಡಕ, ವ್ಯಾನು, ಪಡಸಾಲೆ, ಕಂಬ.

‘ಎಷ್ಟು ದೂರ ಇದ್ದೆ?’

‘ಹತ್ತು ಹೆಜ್ಜೆ.’

‘ಕರೀಲಿಲ್ಲ.’

‘ಇಲ್ಲ.’

‘ಕರ್ದಿದ್ರೆ ಎಲ್ಲ ಬಿಟ್ಟು ಓಡಿಬಂದ್ಬಿಡ್ತಿದ್ದೆ. ಒಳ್ಳೇದಾಯ್ತು.’ ಮೂಗು ಎಳೆದುಕೊಂಡ ಸದ್ದು. ‘ಹೇಗಿದ್ದೆ ನಾನು? ನಿಜ ಹೇಳು.’

‘ಮುಖ ನೋಡ್ಲಿಲ್ಲ ನಸ್ರೀನ್. ಬೆನ್ನು ನೋಡಿದೆ.’

‘ಬೆನ್ನಾ!’ ಅವಳು ಅಳುತ್ತಲೇ ನಗತೊಡಗಿದಳು. ‘ಇಪ್ಪತ್ತೆರಡು ವರ್ಷ ಆದ್ಮೇಲೆ ಅಷ್ಟು ದೂರದಿಂದ ಬಂದು ನನ್ನ ಬೆನ್ನು ನೋಡ್ಕೊಂಡು ಹೋದ್ಯಾ? ಅದೂ ನಾನು ಇಷ್ಟು ದಪ್ಪ ಆದ್ಮೇಲೆ?’

ನಾನೂ ನಕ್ಕೆ. ಇವರು ಬಾಗಿಲಲ್ಲಿ ಬಂದು ನೋಡಿ ಹೋದರು.

‘ಇನ್ನೊಂದ್ಸಲ ಬರ್ತೀಯಲ್ಲ’ ಎಂದಳು.

‘ಬರ್ತೀನಿ’ ಎಂದೆ.

ನನ್ನಂಥವರು ಅಮೆರಿಕಕ್ಕೆ ಹೋಗುವುದು ಇನ್ನೊಬ್ಬರ ಹೆಸರಿಗೆ ಬಂದ ಪತ್ರ ಹಿಡಿದುಕೊಂಡು, ಒಮ್ಮೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆಮೇಲೆ ಅವಳು, ‘ಏನಡುಗೆ ಇವತ್ತು?’ ಎಂದಳು. ಹೇಳತೊಡಗಿದೆ.